ಗಿಣಿಯ ಪಥ್ಯ

ಎರಡು ದಿನಕ್ಕೆಂದು ಬಂದ ಮಾವ ಇಪ್ಪತ್ತನೆಯ ದಿನವೂ ಟೈಲರನ ಮನೆಯಲ್ಲೇ ಇದ್ದರು. ಕಾರಣ, ಇಲ್ಲಿನ ವೈದ್ಯರಿಗೆ ತೋರಿಸಲೆಂದು ತಂದಿದ್ದ ಅವರ ಗಿಣಿ. ಸೂರ್ಯಕಾಂತಿ ಬೀಜ ತಿಂದು ತಿಂದು ಅದು ಹತ್ತಿ ತುಂಬಿದ ದಿಂಬಿನಂತಾಗಿತ್ತು. "ಲಿವರ್‌ನಲ್ಲಿ ಕೊಬ್ಬು. ಬೀಜ ಕಡಿಮೆ ಮಾಡಿ, ಪೆಲೆಟ್ ಅಂತ ಕಾಳಿನ ಹಾಗಿರೋ ಹಕ್ಕಿ ಆಹಾರ ಸಿಗುತ್ತೆ, ಅದನ್ನ ಅಭ್ಯಾಸ ಮಾಡಿಸಿ" ಎಂದಿದ್ದರು ಪಶುವೈದ್ಯರು.

"ಇದು ಪೆಲೆಟ್ ತಿಂದ ದಿನವೇ ಗಂಟುಮೂಟೆ ಕಟ್ತೀನಿ ಅಳಿಯಂದ್ರೇ" ಎಂದು ಮಾವ ಮಾತು ಕೊಟ್ಟಿದ್ದರು. ಅಲ್ಲಿಯತನಕ ಅಳಿಯನ ಕುರ್ಚಿ ಅವರದು, ರೇಡಿಯೊ ಅವರದು, ಹೊಲಿಗೆ ಯಂತ್ರದ ಪಕ್ಕ ಕೂತು "ತೋಳು ಬಿಗಿ ಆಯ್ತೇನೋ" ಎನ್ನುವ ಹಕ್ಕೂ ಅವರದು.

ಆ ಬೆಳಗ್ಗೆ ಟೈಲರ್ ಹೊಲಿಗೆ ಬಿಟ್ಟು ಹಕ್ಕಿ ಆಹಾರದ ಅಂಗಡಿಗೆ ಓಡಿದ. ಅಂಗಡಿಯಾಕೆ ಮೂರು ಪ್ಯಾಕೆಟ್ ಮುಂದಿಟ್ಟಳು.

"ಈ ಬಣ್ಣದ್ದು ನೋಡೋಕಷ್ಟೇ ಚೆಂದ, ಸಕ್ಕರೆ ಹಾಕಿದಾರೆ. ಇದು ದೊಡ್ಡ ಹಕ್ಕಿಗೆ. ಈ ಸಣ್ಣ ಕಾಳಿಂದು ತಗೊಳ್ಳಿ. ಬಣ್ಣ ಇಲ್ಲ, ಸಕ್ಕರೆ ಇಲ್ಲ."

"ರುಚಿ?"

"ಅದನ್ನ ಗಿಣೀನೇ ಹೇಳ್ಬೇಕು."

ಗಿಣಿ ಹೇಳಿತು. ಒಂದು ಕಾಳನ್ನು ನಾಲಿಗೆಗೆ ತಾಗಿಸಿ, ಟೈಲರನ ಹಣೆಗೆ ಗುರಿಯಿಟ್ಟು ಉಗಿಯಿತು.

ಗಲಾಟೆ ಕೇಳಿ ಮಹಡಿಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. "ಶಿಸ್ತು ಬೇಕ್ರೀ! ಕೊಕ್ಕು ತೆರೆ! ಒಂದು, ಎರಡು!" ಎಂದು ವಿಶಲ್ ಊದಿದರು. ಬೆದರಿದ ಗಿಣಿ ಪಂಜರದಿಂದ ಹಾರಿ, ಗಿರಾಕಿಯ ಹೊಸ ಕೋಟಿನ ಮೇಲೆ ಕೂತು ಆರು ಗುಂಡಿಗಳನ್ನೂ ಕಟಕಟನೆ ಕಡಿದು ಉದುರಿಸಿತು.

"ಗುಂಡಿ ಆಗುತ್ತೆ, ಪೆಲೆಟ್ ಆಗಲ್ವಂತೆ!" ಟೈಲರ್ ತಲೆ ಮೇಲೆ ಕೈ ಹೊತ್ತ.

ಪಕ್ಕದ ಮನೆಯ ನರ್ಸಕ್ಕ ಬಾಗಿಲಲ್ಲೇ ನಿಂತು ಉಪಾಯ ಹೇಳಿದರು: "ಗಿಣಿ ಒಂಟಿಯಾಗಿ ಉಣ್ಣಲ್ಲಪ್ಪ. ನೀನೇ ಎದುರು ಕೂತು ತಿನ್ನು. ಚಪ್ಪರಿಸ್ಕೊಂಡು ತಿನ್ನು."

ಟೈಲರ್ ಬಾಯಿಗೆ ಹಾಕಿದಂತೆ ಮಾಡಿ ಜೇಬಿಗೆ ಹಾಕಿದ. ಗಿಣಿ ಕತ್ತು ವಾಲಿಸಿ ಜೇಬನ್ನೇ ನೋಡಿತು. ಮಾವ ಕಲಿಸಿದ್ದ ಒಂದೇ ಒಂದು ಮಾತನ್ನು ಆಡಿತು: "ಕಳ್ಳ!"

ಇನ್ನು ದಾರಿಯಿರಲಿಲ್ಲ. ಮಾವನ ಗಂಟುಮೂಟೆಯನ್ನು ಮನಸ್ಸಿನಲ್ಲೇ ನೆನೆದು ಟೈಲರ್ ಒಂದು ಹಿಡಿ ಪೆಲೆಟ್ ನಿಜವಾಗಿ ಅಗಿದ. ನೆನೆದ ರಟ್ಟಿನ ರುಚಿ. "ಆಹಾ! ಏನ್ ರುಚಿ!" ಎಂದ, ಕಣ್ಣಲ್ಲಿ ನೀರು. ಗಿಣಿ ಸರಿದು ಸರಿದು ಹತ್ತಿರ ಬಂತು. ಅವನ ಮೀಸೆಗಂಟಿದ್ದ ಕಾಳೊಂದನ್ನು ಕಿತ್ತು ನುಂಗಿತು. ಆಮೇಲೆ ಬಟ್ಟಲಿಗೇ ಬಾಯಿ ಹಾಕಿತು.

ಟೈಲರ್ ಕುಣಿದೇಬಿಟ್ಟ. ಅಟ್ಟದಿಂದ ಮಾವನ ಪೆಟ್ಟಿಗೆಯನ್ನು ತಾನೇ ಇಳಿಸಿ ಧೂಳು ಒರೆಸಿದ. ಮಾವನೂ ಮಾತಿಗೆ ತಪ್ಪುವವರಲ್ಲ. ಬಟ್ಟೆ ಮಡಿಚಿದರು, ಬಾಡಿಗೆ ಗಾಡಿಗೆ ಹೇಳಿದರು. ಹೊರಡುವ ಮುನ್ನ ಕೊನೆಯ ತುತ್ತು ತಾವೇ ಉಣಿಸೋಣವೆಂದು ಒಂದು ಕಾಳು ಅಗಿದು, "ಬಾ ಕಂದಾ" ಎಂದರು. ಗಿಣಿ ಬೆನ್ನು ತಿರುಗಿಸಿತು. ಟೈಲರನ ಹೆಂಡತಿ ತಿಂದು ತೋರಿಸಿದಳು, ತಿರುಗಲಿಲ್ಲ. ನರ್ಸಕ್ಕ ತಿಂದರು, ಡ್ರಿಲ್ ಮೇಷ್ಟ್ರು ಮುಷ್ಟಿಗಟ್ಟಲೆ ತಿಂದರು. ಊಹೂಂ. ಟೈಲರ್ ಬೇಸತ್ತು ಎರಡು ಕಾಳು ಕಡಿದದ್ದೇ ತಡ, ಗಿಣಿ ಓಡಿ ಬಂದು ಬಟ್ಟಲಿಗೆ ಮುಗಿಬಿತ್ತು.

ಮಾವ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು. "ನಿಮ್ಮನ್ನ ಬಿಟ್ಟು ಇದು ಬದುಕಲ್ಲ ಅಳಿಯಂದ್ರೇ. ಇದನ್ನ ಬಿಟ್ಟು ನಾನು ಬದುಕಲ್ಲ."

ಹೊರಗೆ ಗಾಡಿ ಹಾರನ್ ಹೊಡೆಯಿತು. ಮಾವ ಕಿಟಕಿಯಿಂದ ತಲೆ ಹೊರಹಾಕಿದರು.

"ಸವಾರಿ ಇಲ್ಲಪ್ಪ! ಆದ್ರೆ ಖಾಲಿ ಹೋಗ್ಬೇಡ. ಊರಲ್ಲಿ ನಮ್ಮನೇಲಿ ನನ್ನ ಮಂಚ, ಬೀರು ಇದೆ, ಹೇರ್ಕೊಂಡು ಬಂದ್ಬಿಡು!"