ವೈಪರಿಗೆ ಕಟ್ಟಿದ ಲಾಡಿ

ವರ್ಷದಲ್ಲಿ ಮಳೆಗಾಲ ಎಂಬುದೊಂದು ಇಲ್ಲದಿದ್ದರೆ ನನ್ನ ಕಾರಿನಂಥ ಕಾರು ಕಲಘಟಗಿ ತಾಲೂಕಿನಲ್ಲೇ ಇರಲಿಲ್ಲ. ಈ ಮಾತನ್ನು ನಾನು ಬೇಸಿಗೆಯಲ್ಲಿ ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತಿದ್ದೆ. ಜೂನಿನಲ್ಲಿ ಮಿರಗದ ಮಳೆ ಹಿಡಿಯಿತೆಂದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹಳೆಯ ಕಾರು ಇಟ್ಟುಕೊಂಡವರೆಲ್ಲ ಹೀಗೆಯೇ ಎಂದು ಕಾಣುತ್ತದೆ. ಅದರ ಗುಣಗಳನ್ನು ತಮ್ಮವೇ ಎಂಬಂತೆ ಊರಿಗೆಲ್ಲ ಸಾರುತ್ತಾರೆ, ಅದರ ರೋಗಗಳನ್ನು ಮಾತ್ರ ಮನೆಯ ಮರ್ಯಾದೆಯಂತೆ ಮುಚ್ಚಿಡುತ್ತಾರೆ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಸ್ವಂತ ಕಾರು ಇದ್ದವರು ಬೆರಳೆಣಿಕೆಯ ಮಂದಿ. ಕಲಘಟಗಿ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ನಾನು ಹುಬ್ಬಳ್ಳಿಯ ವಯಸ್ಸಾದ ಡಾಕ್ಟರೊಬ್ಬರಿಂದ ಈ ಪುಟ್ಟ ಕಾರನ್ನು ತಂದಾಗ ಜನ ಅದರ ಸುತ್ತ ತಿರುಗಿ, ಬಾಗಿಲು ತೆಗೆದು ಹಾಕಿ, "ಸಣ್ಣದೈತಿ, ಆದ್ರ ಮಾರಿ ಲಕ್ಷಣ ಐತಿ" ಎಂದು ಹೆಣ್ಣು ನೋಡಿದವರ ಹಾಗೆ ಒಪ್ಪಿಗೆ ಕೊಟ್ಟು ಹೋಗಿದ್ದರು. ಆ ಲಕ್ಷಣವಾದ ಮುಖಕ್ಕೆ ನೀರು ಬಿದ್ದರೆ ಏನಾಗುತ್ತದೆ ಎಂಬುದು ಆಗ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಾರಿಗೆ ಮೊದಲು ಎರಡು ವೈಪರುಗಳಿದ್ದವು. ಎಡಗಡೆಯದನ್ನು ಹುಬ್ಬಳ್ಳಿಯ ಪೇಟೆಯಲ್ಲಿ ಯಾರೋ ಕಿತ್ತುಕೊಂಡು ಹೋದರು. ಬಲಗಡೆಯದು ಉಳಿದಿತ್ತು, ಆದರೆ ಅದರ ಸ್ವಭಾವ ಬೇರೆ. ಆಕಾಶ ನಿರ್ಮಲವಾಗಿದ್ದಾಗ ಗುಂಡಿ ಒತ್ತಿದರೆ ಗಾಜಿನ ಮೇಲೆ ಕುಣಿಯುತ್ತಿತ್ತು. ಮಳೆ ಬಂದಾಗ ಮಾತ್ರ ಅರ್ಧ ಮೇಲೆದ್ದು, ಉತ್ತರ ಮರೆತ ಹುಡುಗ ತರಗತಿಯಲ್ಲಿ ಕೈ ಎತ್ತಿದ ಹಾಗೆ ಅಲ್ಲಿಯೇ ನಿಂತುಬಿಡುತ್ತಿತ್ತು. ಇನ್ನು ಗಾಜಿನ ಒಳಮೈ. ಕಿಟಕಿ ಮುಚ್ಚಿ ನಾಲ್ಕು ಮಾತಾಡಿದರೆ ಸಾಕು, ಗಾಜಿಗೆ ಮಂಜು ಹಿಡಿದು ರಸ್ತೆಯೇ ಮಾಯ. ಇದಕ್ಕೆಂದೇ ಬಿಸಿಗಾಳಿ ಊದುವ ಒಂದು ಏರ್ಪಾಡು ಕಾರಿನಲ್ಲಿತ್ತು. ಅದರ ಹಿಡಿಕೆ ಎಳೆದರೆ ಗಾಳಿ ಬರುತ್ತಿರಲಿಲ್ಲ, ಶೇಂಗಾ ಸಿಪ್ಪೆಯ ವಾಸನೆ ಬರುತ್ತಿತ್ತು. ನಮ್ಮ ಅಂಗಡಿಯ ಇಲಿ ಅಲ್ಲಿ ಸಂಸಾರ ಹೂಡಿತ್ತು. ಮಿಸ್ತ್ರಿ ರಾಜಾಸಾಬ ಒಳಗೆ ಬಗ್ಗಿ ನೋಡಿ, ಕೈ ಒರೆಸಿಕೊಳ್ಳುತ್ತ, "ಸಾವಕಾರ್ರ, ಇದಕ್ಕ ಒಂದ ಔಷಧ ಐತ್ರಿ" ಎಂದ. ನಾನು ಆಸೆಯಿಂದ "ಏನೋ?" ಎಂದೆ. "ಕಾರಿನ್ಯಾಗ ಕುಂತಾಗ ಉಸರ ಬಿಡಬ್ಯಾಡ್ರಿ" ಎಂದ.

ಯಾರೋ ಆಲೂಗಡ್ಡೆ ಹೆಚ್ಚಿ ಗಾಜಿಗೆ ಉಜ್ಜಿದರೆ ಮಂಜು ಹಿಡಿಯುವುದಿಲ್ಲ ಎಂದರು. ನಾನು ಅಡುಗೆಮನೆಗೆ ಹೋಗಿ ಬುಟ್ಟಿಗೆ ಕೈ ಹಾಕಿದ್ದನ್ನು ಕಂಡು ನನ್ನ ಹೆಂಡತಿ ಸರೋಜಾ, "ಪಲ್ಯಾಕ್ಕ ಇಲ್ಲ ಅಂತ ನಾ ಬದನಿಕಾಯಿ ಹೆಚ್ಚಾಕತ್ತೀನಿ, ನಿಮ್ಮ ಕಾರಿಗೆ ಆಲೂಗಡ್ಡಿ ಪಲ್ಯಾ ಆಗಬೇಕೇನ್ರಿ?" ಎಂದಳು. ಆದರೂ ಉಜ್ಜಿದೆ. ಮಂಜೇನೋ ಕಡಿಮೆಯಾಯಿತು, ಬಿಸಿಲು ಬಿದ್ದಾಗ ಗಾಜಿನ ಮೇಲೆ ದೋಸೆ ಹಿಟ್ಟು ಬಳಿದಂತೆ ಬೆಳ್ಳಗೆ ಒಣಗಿ ನಿಂತಿತು. ಅದನ್ನು ಕೆರೆಯಲು ನಾನು ದೋಸೆಯ ಸೌಟನ್ನೇ ಒಯ್ದದ್ದು ಬೇರೆ ಕಥೆ, ಅದನ್ನು ಸರೋಜಾ ಹೇಳಿದರೇ ಚೆನ್ನ.

ಇಂಥ ಕಾರಿನಲ್ಲಿ ನಾನು ಗಂಗವ್ವ ಅತ್ತಿಯನ್ನು ಧಾರವಾಡಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ.

ಗಂಗವ್ವ ನನ್ನ ತಂದೆಯ ತಂಗಿ. ದೇವಿಕೊಪ್ಪದಲ್ಲಿ ಅವಳ ಮನೆ. ಗಂಡ ಹೋದ ಮೇಲೆ ಹೊಲ ತಾನೇ ನೋಡಿಕೊಂಡು, ಮಕ್ಕಳ ಮದುವೆ ಮಾಡಿ, ಎತ್ತು ಕೊಳ್ಳುವಾಗ ದಲ್ಲಾಳಿಗಳ ಬೆವರಿಳಿಸಿ ಗಟ್ಟಿ ಹೆಂಗಸೆಂದು ಹೆಸರಾದವಳು. ಆದರೆ ಅವಳ ನಿಜವಾದ ಸಂಪತ್ತು ಗಂಟಲು. ಅವಳೂ ಪಕ್ಕದ ಮನೆಯ ನೀಲವ್ವನೂ ಬೀಸುಕಲ್ಲಿನ ಎದುರುಬದುರು ಕುಳಿತು, ಗೂಟ ಹಿಡಿದು, ಒಬ್ಬರು ಎಳೆದರೆ ಒಬ್ಬರು ಬಿಟ್ಟು ಪದ ಹೇಳತೊಡಗಿದರೆ ಓಣಿಯ ನಾಯಿಗಳೂ ಮಲಗಿ ಕೇಳುತ್ತಿದ್ದವು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಇಬ್ಬರೂ ದಿನಾ ಒಂದಿಷ್ಟು ಜೋಳ ಬೀಸುವುದನ್ನು ಬಿಟ್ಟಿರಲಿಲ್ಲ. ಯಾಕೆಂದು ಕೇಳಿದರೆ, "ಗಿರಣಿ ಹಿಟ್ಟು ಕೊಡತೈತಿ, ಪದಾ ಕೊಡತೈತೇನ?" ಎನ್ನುತ್ತಿದ್ದಳು ಅತ್ತಿ. ಇದು ಹೇಗೋ ಧಾರವಾಡದ ರೇಡಿಯೋದವರ ಕಿವಿಗೆ ಬಿತ್ತು. ಕನ್ನಡಕದ ಅಧಿಕಾರಿಯೊಬ್ಬರು ದೇವಿಕೊಪ್ಪದ ತನಕ ಬಂದು, ಅಂಗಳದಲ್ಲಿ ನಿಂತು ಕೇಳಿ, ಕಣ್ಣೊರೆಸಿಕೊಂಡು, ಇಂಥ ದಿನ ಮಧ್ಯಾಹ್ನದೊಳಗೆ ಬಂದರೆ ಧ್ವನಿಮುದ್ರಣ ಮಾಡುತ್ತೇವೆ, ಆ ದಿನ ತಪ್ಪಿದರೆ ಮತ್ತೆ ಯಾವಾಗ ಜಾಗ ಸಿಗುತ್ತದೋ ಹೇಳಲಾಗದು ಎಂದು ಹೋದರು. ಅತ್ತಿ ಬಸ್ಸಿಗೆ ಹೊರಡುವವಳಿದ್ದಳು. "ಛೇ, ರೇಡಿಯೋದಾಗ ಹಾಡಾಕಿ ಬಸ್ಸಿನ್ಯಾಗ ನಿಂತ ಹೋಗೂದೇನ ಅತ್ತಿ? ಮನ್ಯಾಗ ಕಾರ್ ಐತಿ" ಎಂದವನು ನಾನೇ.

ಆ ದಿನ ಬೆಳಿಗ್ಗೆ ನಾನು ಹೊಸ ಬಿಳಿ ಪಾಯಿಜಾಮ, ಉದ್ದ ಅಂಗಿ ತೊಟ್ಟು ಸಜ್ಜಾದೆ. ರೇಡಿಯೋ ಕೇಂದ್ರದಲ್ಲಿ ನಮ್ಮನ್ನೂ ಒಂದು ಮಾತು ಕೇಳಬಹುದು ಎಂಬ ಆಸೆ ಒಳಗೊಳಗೇ ಇತ್ತು. ದೇವಿಕೊಪ್ಪದಲ್ಲಿ ಅತ್ತಿ ಇಳಕಲ್ ಸೀರೆ ಉಟ್ಟು ಮುಂದೆ ನನ್ನ ಬಾಜು ಕುಳಿತಳು. ನನ್ನ ಬೆನ್ನ ಹಿಂದೆ ನೀಲವ್ವ, ಅವಳ ಪಕ್ಕ ಸಂಕ್ರವ್ವ. ಅವರಿಬ್ಬರು ಹಾಡುವಾಗ ಸಂಕ್ರವ್ವ ಹಿಂದಿನಿಂದ ಸೊಲ್ಲು, ಅಂದರೆ ಪದದ ಸಾಲು, ಎತ್ತಿಕೊಡುವವಳು. ತಂಬಾಕಿನ ಚಂಚಿ ಬಿಟ್ಟು ಎಲ್ಲಿಗೂ ಹೋಗುವವಳಲ್ಲ. ಜಿಟಿಜಿಟಿ ಮಳೆ. ಕಲಘಟಗಿ ದಾಟುವ ತನಕ ವೈಪರ್ ದೇವರಂತೆ ಕೆಲಸ ಮಾಡಿತು. ನಾನು ಅದನ್ನು ಹೊಗಳಿ ಬಾಯಿ ಮುಚ್ಚುವುದಕ್ಕೂ ಮಳೆ ಜೋರಾಗುವುದಕ್ಕೂ ಅದು ಅರ್ಧ ಎದ್ದು ನಿಲ್ಲುವುದಕ್ಕೂ ಸರಿಹೋಯಿತು. ಗುಂಡಿ ಒತ್ತಿದೆ, ತಿರುವಿದೆ, ಗುದ್ದಿದೆ. ಒಳಗೆಲ್ಲೋ ಸುಟ್ಟ ವಾಸನೆ ಬಂತು. ಅಷ್ಟೇ.

ಮಿಶ್ರಿಕೋಟಿಯ ಈಚೆ, ಹುಣಸೆ ಮರದ ಕೆಳಗೆ ಕಾರು ನಿಲ್ಲಿಸಿದೆ. ಮಳೆ ನಿಲ್ಲುವ ಲಕ್ಷಣ ಇರಲಿಲ್ಲ. ಒಂದು ಬಸ್ಸು ಬಂತು. ಬಾಗಿಲಲ್ಲೇ ಜನ ಜೋತುಬಿದ್ದಿದ್ದರು, ಕೈ ಮಾಡಿದರೂ ನಿಲ್ಲಲಿಲ್ಲ. ಅತ್ತಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ಮಳೆಯನ್ನೇ ನೋಡುತ್ತ, "ಹೋಗ್ಲಿ ಬಿಡೋ ಯಪ್ಪಾ, ನಮ್ಮ ಪದಾ ನಮ್ಮ ಕಲ್ಲಿಗೆ ಕೇಳಿದ್ರ ಸಾಕು" ಎಂದಳು. ಆ ಮಾತು ಕೇಳಿ ನನಗೆ ಕಾರಿನಿಂದ ಇಳಿದು ಅದಕ್ಕೆ ಒದೆಯಬೇಕೆನಿಸಿತು.

ಆಗ ಹಿಂದಿನಿಂದ ನೀಲವ್ವನ ದನಿ ಬಂತು. ಅವಳು ಹೆಚ್ಚು ಮಾತಿನವಳಲ್ಲ. "ಗಂಗಕ್ಕಾ, ಆ ಕಡ್ಡಿ ಅತ್ತಾಗ ಇತ್ತಾಗ ಆಡಿದ್ರ ಸಾಕಲ್ಲ? ನೀ ಆ ಕಡಿಂದ ಜಗ್ಗು, ನಾ ಈ ಕಡಿಂದ ಜಗ್ಗತೀನಿ. ದಿನಾ ಕಲ್ಲಿನ ಮುಂದ ನಾವು ಮಾಡೂದರ ಮತ್ತೇನ?"

ಅತ್ತಿ ತಿರುಗಿ ಅವಳ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಾನು ಮಳೆಯಲ್ಲಿ ಇಳಿದು ಡಿಕ್ಕಿ ತಡಕಿದೆ. ಗೊಬ್ಬರದ ಚೀಲ ಹೊಲಿಯುವ ಒಂದು ತುಂಡು ಸುತಳಿ ಸಿಕ್ಕಿತು. ಅದನ್ನು ವೈಪರಿಗೆ ಕಟ್ಟಿ ಅತ್ತಿಯ ಕಿಟಕಿಯೊಳಗೆ ಎಳೆದುಕೊಟ್ಟೆ. ನೀಲವ್ವನ ಕಡೆಗೆ ಏನೂ ಉಳಿಯಲಿಲ್ಲ. ನಾಲ್ವರೂ ಸುತ್ತಮುತ್ತ ನೋಡಿದೆವು. ಕೊನೆಗೆ ಅತ್ತಿಯ ಕಣ್ಣು ನನ್ನ ಸೊಂಟದ ಮೇಲೆ ಬಂದು ನಿಂತಿತು.

"ಲೇ, ನಿನ್ನ ಪಾಯಿಜಾಮಾಕ್ಕ ಲಾಡಿ ಐತೆಲ್ಲ?"

"ಅತ್ತಿ!" ಎಂದೆ.

"ಕುಂತ ಗಾಡಿ ಹೊಡ್ಯಾಂವಗ ಲಾಡಿ ಯಾಕ ಬೇಕಲೇ? ಬಿಚ್ಚ."

ಹುಣಸೆ ಮರದ ಹಿಂದೆ ನಿಂತು ಲಾಡಿ ಹಿರಿದು ತಂದುಕೊಟ್ಟೆ. ಒಂದು ಕೈಯಲ್ಲಿ ಪಾಯಿಜಾಮ ಹಿಡಿದು ಇನ್ನೊಂದು ಕೈಯಲ್ಲಿ ವೈಪರಿಗೆ ಗಂಟು ಹಾಕುವುದು ಆಗಲಿಲ್ಲ. ನೀಲವ್ವನೇ ಇಳಿದು ಹಾಕಿದಳು. ಸಂಕ್ರವ್ವ ಮಾತ್ರ ನನ್ನ ಮರ್ಯಾದೆಗಾಗಿ ಮುಖ ಆ ಕಡೆ ತಿರುಗಿಸಿಕೊಂಡು ಹೆಗಲು ಕುಣಿಸುತ್ತ ನಕ್ಕಳು.

ಹೊರಟೆವು. ಮೊದಮೊದಲು ಇಬ್ಬರೂ ಒಟ್ಟಿಗೇ ಜಗ್ಗಿ ವೈಪರ್ ನಡುವೆ ನಿಂತು ನಡುಗಿತು. "ಸೊಲ್ಲ ಇಲ್ಲದ ಕೈ ಕೂಡೂದಿಲ್ಲ" ಎಂದು ಅತ್ತಿ ದನಿ ಎತ್ತಿದಳು. ಪದ ಶುರುವಾದದ್ದೇ ತಡ, ಸುತಳಿ ಈ ಕಡೆ, ಲಾಡಿ ಆ ಕಡೆ, ಕಡ್ಡಿ ಗಾಜಿನ ಮೇಲೆ ಒಂದೇ ಹದದಲ್ಲಿ ಹೋಗಿ ಬರತೊಡಗಿತು. ಕಾರು ಹೊಸದಾಗಿ ಕಾರ್ಖಾನೆಯಿಂದ ಬಂದಾಗಲೂ ಅಷ್ಟು ಚೆನ್ನಾಗಿ ಆಡಿರಲಿಕ್ಕಿಲ್ಲ. ಒಂದೇ ತೊಂದರೆ: ಅವರು ತವರುಮನೆಯ ನಿಧಾನದ ಪದ ಹಿಡಿದರೆ ವೈಪರೂ ತವರಿಗೆ ಹೋಗುವವಳಂತೆ ಮೆಲ್ಲಗೆ ನಡೆಯುತ್ತಿತ್ತು. ಎದುರಿಗೆ ಲಾರಿ. "ಜೋರಂದು ಹಾಡಬೇ ಅತ್ತಿ, ಲಾರಿ ಬಂತು!" ಎಂದು ನಾನು ಕೂಗಿದರೆ ಅವಳು ಸೊಲ್ಲು ಮುಗಿಸದೆ ಬಿಡುತ್ತಿರಲಿಲ್ಲ, ಮುಗಿಸಿ, ಉಸಿರು ತೆಗೆದುಕೊಂಡು, ಬೀಗರನ್ನು ಹಂಗಿಸುವ ಚುರುಕಿನ ಪದಕ್ಕೆ ಹಾರುತ್ತಿದ್ದಳು.

ಆದರೆ ಮೂರು ಹೆಂಗಸರು ಎದೆ ತುಂಬಿ ಹಾಡಿದ ಮೇಲೆ ಒಳಗಿನ ಗಾಜು ಉಳಿದೀತೇ? ಹೊರಗೆ ತಿಳಿಯಾಗುತ್ತಿದ್ದಂತೆ ಒಳಗೆ ಮಂಜು ಮುಚ್ಚಿತು. ಹಾಡು ನಿಲ್ಲಿಸಿದರೆ ಹೊರಗೆ ಕುರುಡು, ಹಾಡಿದರೆ ಒಳಗೆ ಕುರುಡು. ಸಂಕ್ರವ್ವ ನಮ್ಮಿಬ್ಬರ ನಡುವಿನಿಂದ ಕೈ ಚಾಚಿ ಅಂಗೈಯಿಂದ ಒರೆಸಿದಳು. ಆಗಷ್ಟೇ ತಂಬಾಕು ತಿಕ್ಕಿದ್ದ ಕೈ ಅದು. ಒರೆಸಿದಷ್ಟು ಜಾಗ ಮತ್ತೆ ಮಂಜಾಗಲೇ ಇಲ್ಲ. ನಾವೆಲ್ಲ ಬೆರಗಾಗಿ ಅವಳ ಚಂಚಿಯ ಕಡೆ ನೋಡಿದೆವು. ಅವಳು ಅದನ್ನು ಒಂದು ಗಳಿಗೆ ಎದೆಗೆ ಒತ್ತಿಕೊಂಡು, "ಇವತ್ತ ನನಗ ಉಪಾಸ ಅಂತ ತಿಳಕೋತೀನಿ ತಗೋರಿ" ಎಂದು ಇದ್ದಬದ್ದ ತಂಬಾಕನ್ನೆಲ್ಲ ಒದ್ದೆ ಮಾಡಿ ಗಾಜಿಗೆ ತಿಕ್ಕಿದಳು. ಜಗತ್ತು ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿತು, ಆದರೆ ಸ್ಪಷ್ಟವಾಗಿ ಕಂಡಿತು. ಹುಬ್ಬಳ್ಳಿಯ ಪೇಟೆಯೊಳಗೆ ಹೋಗುವಾಗ ಜನ ಕೊಡೆ ಹಿಡಿದು ನಿಂತು ನಮ್ಮನ್ನು ನೋಡುತ್ತಿದ್ದರು. ನಾನು ತಲೆ ತಗ್ಗಿಸಿದೆ. ಅತ್ತಿ ತಗ್ಗಿಸಲಿಲ್ಲ, ಇನ್ನೂ ಎತ್ತರದ ದನಿಯಲ್ಲಿ, ಅಲ್ಲೇ ಕಟ್ಟಿ ಹಾಡಿದಳು:

ಕಣ್ಣಿಲ್ಲದ ಕುದುರೀಯ ಬೆನ್ನೇರಿ ಬಂದೇವ
ಸಣ್ಣ ಲಾಡೀಯ ಜಗ್ಗವ್ವ – ನನ್ನಳಿಯ
ತಣ್ಣಗ ಬೆವತಾನ ದಿಗಿಲೀಲೆ

ಈ ಪದಕ್ಕೆ ಸಂಕ್ರವ್ವ ನಕ್ಕು ನಕ್ಕು ಸೊಲ್ಲು ಎತ್ತಿಕೊಡುವುದನ್ನೇ ಮರೆತಳು. ನನಗೂ ನಗು ಬಂತು, ಜೊತೆಗೆ ಇನ್ನೇನೋ ಬಂತು. ಆ ವಯಸ್ಸಿನಲ್ಲಿ, ತೋಯ್ದ ತೋಳಿನಿಂದ ನೀರು ಸೋರುತ್ತಿರುವಾಗ, ಬದುಕಿನಲ್ಲಿ ಒಮ್ಮೆ ಬಂದ ಅವಕಾಶ ಕೈತಪ್ಪಿ ಹೋಗುವಂತಿರುವಾಗ, ಹಾಡು ಕಟ್ಟುವ ಹೆಂಗಸಿನ ಪಕ್ಕ ಕುಳಿತಿದ್ದೇನಲ್ಲ ಎಂದು ಹೆಮ್ಮೆಯೆನಿಸಿತು.

ಧಾರವಾಡ ತಲುಪಿದಾಗ ಮಧ್ಯಾಹ್ನವಾಗುತ್ತ ಬಂದಿತ್ತು. ಕನ್ನಡಕದ ಅಧಿಕಾರಿ ಬಾಗಿಲಲ್ಲೇ ಕಾಯುತ್ತಿದ್ದರು; ಮೂವರನ್ನೂ ಬೇಗ ಬೇಗ ಒಳಗೆ ಕರೆದುಕೊಂಡು ಹೋದರು. ನಾನು ಕಾರಿನಲ್ಲೇ ಉಳಿದೆ. ಲಾಡಿ ಬಿಚ್ಚಿಕೊಂಡು, ಪಾಯಿಜಾಮ ಸರಿಮಾಡಿಕೊಂಡು, ಗಂಭೀರವಾಗಿ ಒಳಗೆ ಹೋಗುವುದೆಂದು ಲೆಕ್ಕ ಹಾಕಿದ್ದೆ. ಆದರೆ ನೀಲವ್ವ ಹಾಕಿದ ಗಂಟು ಮಳೆಗೆ ನೆನೆದು ಬಿಗಿದುಕೊಂಡಿತ್ತು. ಕಿಟಕಿಯಿಂದ ಒಂದು ಕೈ ಚಾಚಿ ಕಿತ್ತಾಡುತ್ತಿರುವಾಗಲೇ ನೀಲವ್ವ ಓಡುತ್ತ ಬಂದಳು. ಪಾಪ, ನನ್ನ ನೆನಪಾಗಿ ಬಂದಳು ಎಂದುಕೊಂಡೆ. ಅವಳು ಹಲ್ಲಿನಿಂದ ಗಂಟು ಬಿಚ್ಚಿ, ಲಾಡಿಯನ್ನು ಕೈಗೆ ಸುತ್ತಿಕೊಂಡು, ಬಂದ ದಾರಿಯಲ್ಲೇ ತಿರುಗಿ ಓಡಿದಳು.

"ನೀಲವ್ವಾ! ಲಾಡಿ ನಂದು!" ಎಂದು ಕೂಗಿದೆ.

"ಗಂಗಕ್ಕಗ ಕೈ ಖಾಲಿ ಇದ್ರ ಪದಾ ನೆನಪಾಗವಲ್ವು ಅಂತರಿ!" ಎಂದು ಓಡುತ್ತಲೇ ಹೇಳಿದಳು.

ಆಮೇಲೆ ತಿಳಿದದ್ದು ಇಷ್ಟು. ಒಳಗೆ ಮೈಕಿನ ಮುಂದೆ ಕುಳಿತ ಅತ್ತಿ ಎರಡು ಸೊಲ್ಲಿಗೇ ತಡವರಿಸಿ ನಿಂತಳಂತೆ. ಕಲ್ಲಿಲ್ಲ, ಗೂಟವಿಲ್ಲ, ಎತ್ತಿನ ದಲ್ಲಾಳಿಗಳಿಗೆ ಹೆದರದವಳ ಕೈ ಗಾಳಿಯಲ್ಲೇ ಗೂಟ ಹುಡುಕಿತಂತೆ. ಅಧಿಕಾರಿ ನೀರು ಕೊಟ್ಟರು, ಧೈರ್ಯ ಹೇಳಿದರು. ಆಗ ನೀಲವ್ವ ಎದ್ದು ಬಂದದ್ದು. ಇಬ್ಬರೂ ಎದುರುಬದುರು ಕುಳಿತು ನನ್ನ ಲಾಡಿಯ ಒಂದೊಂದು ತುದಿ ಹಿಡಿದು, ಎಳೆದು ಬಿಟ್ಟು ಎಳೆದು ಬಿಟ್ಟು ಹಾಡಿದರಂತೆ. ಒಂದು ಪದವೂ ತಪ್ಪಲಿಲ್ಲ. ಇಟ್ಟುಕೊಂಡಿದ್ದ ಹೊತ್ತು ಮೀರಿದರೂ ಅಧಿಕಾರಿ ನಿಲ್ಲಿಸಲಿಲ್ಲವಂತೆ. ಇದೆಲ್ಲ ನಡೆಯುವಾಗ ನಾನು ಕಾರಿನಲ್ಲಿ ಪಾಯಿಜಾಮದ ಬಾಯಿ ಮುಷ್ಟಿಯಲ್ಲಿ ಹಿಡಿದು ಕುಳಿತಿದ್ದೆ. ಕೊನೆಗೆ ಅಧಿಕಾರಿಯೇ ಹೊರಗೆ ಬಂದು, "ಒಳಗ ಬರ್ರಿ, ಚಹಾ ತಗೋರಿ. ಇಂಥಾ ಹಾಡುಗಾರ್ತಿನ್ನ ಕರಕೊಂಡ ಬಂದೀರಿ, ಹೊರಗ ಕೂತರ ಹ್ಯಾಂಗ?" ಎಂದರು.

"ಇಲ್ರಿ, ನಾ ಕಾರ್ ಬಿಟ್ಟ ಬರೂದಿಲ್ರಿ" ಎಂದೆ.

"ಕಾರಿನ ಮ್ಯಾಲೆ ಭಾಳ ಪ್ರೀತಿ ಅದ ನಿಮಗ" ಎಂದು ಮೆಚ್ಚಿಕೊಂಡು ಅವರು ಚಹಾವನ್ನು ಅಲ್ಲಿಗೇ ಕಳಿಸಿದರು.

ಕೆಲವು ದಿನಗಳ ಮೇಲೆ ಒಂದು ಸಂಜೆ ಆ ಹಾಡು ರೇಡಿಯೋದಲ್ಲಿ ಬಂತು. ನಮ್ಮ ಅಂಗಡಿಯ ಮುಂದೆ ಜನ ಸೇರಿದ್ದರು. ಮಿಸ್ತ್ರಿ ರಾಜಾಸಾಬನೂ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಬಂದು ನಿಂತ. ಅತ್ತಿಯ ದನಿ ಕೇಳಿದ ಕೂಡಲೇ ಗದ್ದಲವೆಲ್ಲ ಅಡಗಿತು. ಚೀಲಗಳ ಮೇಲೆ ಕುಳಿತಿದ್ದ ಮುದುಕರು ಕಣ್ಣು ಮುಚ್ಚಿದರು. ಸರೋಜಾ ಬಾಗಿಲ ಮರೆಯಲ್ಲಿ ನಿಂತು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ನಾನು ರೇಡಿಯೋಕ್ಕೆ ಕಿವಿಯನ್ನೇ ಹಚ್ಚಿ ಕುಳಿತೆ. ಹಾಡಿನ ಹಿಂದೆ, ಉಸಿರಿನ ಸಂದಿಯಲ್ಲಿ, ಎಲ್ಲಾದರೂ ನನ್ನ ಲಾಡಿ ಎಳೆಯುವ ಸಪ್ಪಳ ಕೇಳಿಸೀತೇ ಎಂದು ಉಸಿರು ಬಿಗಿಹಿಡಿದು ಹುಡುಕಿದೆ. ಒಮ್ಮೆ ಸರ್ ಎಂದ ಹಾಗಾಯಿತು. ಅದು ರೇಡಿಯೋದ್ದೇ ಗೊರಗೊರವೋ, ಲಾಡಿಯೋ ಎಂದು ಯೋಚಿಸುತ್ತಿರುವಾಗ ಜನ ಚಪ್ಪಾಳೆ ತಟ್ಟಿದರು. ಹಾಡು ಮುಗಿದಿತ್ತು.

"ಹೆಂಗಿತ್ರಿ ಅತ್ತಿ ಪದಾ?" ಎಂದು ಸರೋಜಾ ಕೇಳಿದಳು.

"ಅಗದಿ ಚಲೋ ಇತ್ತು" ಎಂದೆ. ಅಷ್ಟು ಮಂದಿಯಲ್ಲಿ ಅದನ್ನು ಕೇಳಿಸಿಕೊಳ್ಳದವನು ನಾನೊಬ್ಬನೇ.