ಮಗು ತಡವರಿಸಿದಾಗ ಮನೆದೇವರ ಹೆಸರು ಹೇಳಿ

ಋಷಿ ಹೇಳುತ್ತಾ ಹೋದದ್ದನ್ನು ಪಕ್ಕದಲ್ಲಿ ಕೂತು ಬರೆದುಕೊಟ್ಟ ವಿಘ್ನೇಶ್ವರನಿಗೆ ಮೊದಲ ನಮಸ್ಕಾರ. ಹೇಳುವವರು ಒಬ್ಬರು, ಬರೆಯುವವರು ಇನ್ನೊಬ್ಬರಾದರೆ ತಪ್ಪಿಲ್ಲ ಅಂತ ಲೋಕಕ್ಕೆ ತೋರಿಸಿದವನು ಅವನೇ. ಎಲ್ಲರ ನಾಲಿಗೆಗೂ ಅಕ್ಷರ ಕೊಡುವ, ಕೆಲವರಿಗೆ ಮಾತ್ರ ಸ್ವಲ್ಪ ನಿಧಾನವಾಗಿ ಕೊಡುವ ತಾಯಿ ಶಾರದೆಗೆ ಎರಡನೆಯ ನಮಸ್ಕಾರ.

ಕೆಂಪಾಪುರದಲ್ಲಿ ನಮ್ಮ ದೇವಸ್ಥಾನದ ಮೇಲಿನ ಹಾಲ್‌ನಲ್ಲಿ ಶನಿವಾರ ಶನಿವಾರ ನಾನು ಪಾಠ ಮಾಡುತ್ತೇನೆ. ಮಕ್ಕಳಿಗಲ್ಲ, ದೊಡ್ಡವರಿಗೆ. ಡಿಸ್ಲೆಕ್ಸಿಯಾ ಇರುವ ಮಕ್ಕಳ ಅಪ್ಪ ಅಮ್ಮ, ಅಜ್ಜಿ ತಾತ, ಟ್ಯೂಷನ್ ಹೇಳುವವರು ಬರುತ್ತಾರೆ. ಈ ಮಕ್ಕಳ ಬುದ್ಧಿ ಚುರುಕೇ. ಅಕ್ಷರ ಕೂಡಿಸಿ ಓದುವುದು, ಬರೆಯುವುದು ಮಾತ್ರ ತೊಡಕು. ಅಂಥ ಮಗುವಿನ ಪಕ್ಕದಲ್ಲಿ ಹೇಗೆ ಕೂರಬೇಕು ಅನ್ನುವುದೇ ನನ್ನ ಪಾಠ. ಓದೋದಕ್ಕಿಂತ ಪಕ್ಕದಲ್ಲಿ ಸುಮ್ಮನೆ ಕೂರೋದು ಕಷ್ಟ. ಅದಕ್ಕೇ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕೆಳಗೆ ಗರ್ಭಗುಡಿಯಲ್ಲಿರುವ ಸ್ವಾಮಿಗೂ ಶನಿವಾರ ಬಂದರೆ ನಗು ತಡೆಯೋದು ಕಷ್ಟವಾಗುತ್ತಿರಬೇಕು.

ಚಪ್ಪಲಿ ಸದ್ದು

ಮೊದಲ ದಿನ ಊರಿನ ಹಳೇ ಮನೆತನದ ತಾತ ಒಬ್ಬರು ಬಂದರು. ಬಿಳಿ ಪಂಚೆ, ಹಣೆಗೆ ವಿಭೂತಿ. ನಾಲ್ಕನೇ ಕ್ಲಾಸಿನ ಮೊಮ್ಮಗಳಿಗೆ ಓದಿಸುವ ಜವಾಬ್ದಾರಿ ಅವರದು.

"ಮೇಡಂ, ಮುಂಚೆ ನನ್ನ ಪಕ್ಕದಾಗೇ ಕೂತು ಓದೋಳು. ನಾನು ಒಸಿ ಜೋರು. ತಪ್ಪಾದ್ರೆ ತಡಕೊಳ್ಳಾಕೆ ಆಗಲ್ಲ. ಈಗ ನನ್ನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ಪುಸ್ತಕ ಮುಚ್ಚಿಬಿಡ್ತಾಳೆ. ಪಕ್ಕದಾಗೆ ಕೂತ್ಕೊಳೋ ಅಂಗೆ ಮಾಡ್ಕೊಡಿ, ಬೇರೇನೂ ಬ್ಯಾಡ."

"ಅವಳಿಗೆ ಭಯ ಆಗದ ಹಾಗೆ ಹೋಗಿ ತಾತ" ಅಂದೆ.

ಮುಂದಿನ ವಾರ ಮುಖ ಸಪ್ಪೆ ಮಾಡಿಕೊಂಡು ಬಂದರು. "ನೀವು ಹೇಳ್ದಂಗೇ ಮಾಡ್ದೆ ಮೇಡಂ. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ, ಸದ್ದಿಲ್ದಂಗೆ ಹೋಗಿ ಇಂದ್ಗಡೆ ನಿಂತ್ಕೊಂಡೆ. ಮಗು ಕಿಟಾರ್ ಅಂತ ಕಿರುಚ್ಕೊಂಡು ಅಡುಗೆಮನೆಗೆ ಓಡ್ತು. ಈಗ ಚಪ್ಪಲಿ ಸದ್ದು ಇಲ್ಲದಿದ್ರೂ ಭಯ."

ಅಕ್ಷರದ ಉಪ್ಪಿಟ್ಟು

ಅಕ್ಷರವನ್ನು ಕಣ್ಣಲ್ಲಿ ನೋಡಿದರೆ ಸಾಲದು, ಕೈಗೂ ತಿಳಿಯಬೇಕು. ತಟ್ಟೆಯಲ್ಲಿ ರವೆ ಹರಡಿ, ಬೆರಳಲ್ಲಿ ಬರೆಯುತ್ತಾ ಬಾಯಲ್ಲಿ ಹೇಳಿಸಿ ಅಂತ ಕಳಿಸಿದ್ದೆ. ಯಲಹಂಕದ ತಾಯಿಯೊಬ್ಬರು ಬಂದು, "ಮಗ ಚೆನ್ನಾಗಿ ಬರೀತಿದಾನೆ ಮೇಡಂ, ಆದ್ರೆ ನಮ್ಮ ಯಜಮಾನ್ರು ಮಾತು ಬಿಟ್ಟಿದಾರೆ" ಅಂದರು.

"ಯಾಕಮ್ಮಾ?"

"ಅಕ್ಷರ ಅಂದ್ರೆ ಸರಸ್ವತಿ ಅಲ್ವಾ? ಬರೆದ ರವೆನ ಕಸಕ್ಕೆ ಹಾಕಕ್ಕಾಗತ್ತಾ? ತಿರುಗಿ ಡಬ್ಬಕ್ಕೆ ತುಂಬೋಣ ಅಂದ್ರೆ ಮಗನ ಕೈ ಆಡಿದ್ದು. ಅದಕ್ಕೇ ಅವತ್ತಿಂದು ಅವತ್ತೇ ಉಪ್ಪಿಟ್ಟು ಮಾಡ್ಬಿಡ್ತೀನಿ. ದಿನಕ್ಕೊಂದಕ್ಷರ, ದಿನಕ್ಕೊಂದುಪ್ಪಿಟ್ಟು. ನಿನ್ನೆ ಅವರು, 'ಕನ್ನಡದಲ್ಲಿ ಒಟ್ಟು ಎಷ್ಟು ಅಕ್ಷರ ಇದೆ ಹೇಳ್ಬಿಡೇ' ಅಂದ್ರು."

ಆಕೆಯ ಭಕ್ತಿಗೆ ಮನಸ್ಸಿನಲ್ಲೇ ಕೈಮುಗಿದೆ. ವರ್ಣಮಾಲೆ ಮುಗಿದ ಮೇಲೆ ಕಾಗುಣಿತ ಇದೆ ಅನ್ನೋದನ್ನ ಆ ಯಜಮಾನರಿಗೆ ಯಾರೂ ಇನ್ನೂ ಹೇಳಿಲ್ಲ.

ಕನ್ನಡಿಯೊಳಗಿನ ನಕ್ಷತ್ರ

ಮಕ್ಕಳ ಕಷ್ಟ ದೊಡ್ಡವರಿಗೂ ತಿಳಿಯಲಿ ಅಂತ ಒಂದು ಅಭ್ಯಾಸ ಮಾಡಿಸುತ್ತೇನೆ. ಹಾಳೆಯಲ್ಲಿ ಒಂದು ನಕ್ಷತ್ರ. ಹಾಳೆ ನೋಡದೆ, ಎದುರಿಗಿಟ್ಟ ಕನ್ನಡಿ ನೋಡಿಕೊಂಡೇ ಅದರ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಬಲಕ್ಕೆ ಹೋಗು ಅಂದರೆ ಕೈ ಎಡಕ್ಕೆ ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ದೊಡ್ಡವರೆಲ್ಲ ಮಕ್ಕಳಾಗಿಬಿಟ್ಟರು. ಒಬ್ಬರಿಗೆ ನೀರು ಬೇಕು. ಒಬ್ಬರಿಗೆ ಹೊಟ್ಟೆನೋವು. ಇಂಜಿನಿಯರ್ ತಂದೆಯೊಬ್ಬರು, "ಪೆನ್ಸಿಲ್ಲೇ ಸರಿ ಇಲ್ಲ" ಅಂದರು. ನಾನು ಬೇಕೆಂದೇ ಅವರ ತಲೆಯ ಹತ್ತಿರ ನಿಂತು, "ಎಷ್ಟು ಸಲ ಹೇಳ್ಕೊಡ್ಬೇಕು? ಗಮನ ಎಲ್ಲಿದೆ? ಪಕ್ಕದವರನ್ನ ನೋಡಿ ಕಲಿ" ಅಂದೆ. ಅವರ ಮುಖ ಕೆಂಪಾಯಿತು.

"ಮೇಡಂ, ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ."

"ಇದು ನನ್ನ ಮಾತಲ್ಲ ಸರ್. ಮಗನಿಗೆ ದಿನಾ ಇದನ್ನೇ ಹೇಳ್ತೀನಿ ಅಂತ ಹೋದ ವಾರ ನೀವೇ ಹೇಳಿದ್ರಲ್ಲ."

ಅವರು ಬಗ್ಗಿ ಮತ್ತೆ ಪೆನ್ಸಿಲ್ ಹಿಡಿದರು.

ತಾತನ ನಕ್ಷತ್ರ ಹಲಸಿನ ಹಣ್ಣಿನಂತೆ ಬಂದಿತ್ತು. ನಾಲ್ಕು ಮಡಿಕೆ ಮಡಿಚಿ ಜೇಬಿಗೆ ತುರುಕಿಕೊಂಡರು. ಜೇಬಿಗೆ ಮೊಮ್ಮಗಳು ಕೈ ಹಾಕುತ್ತಾಳೆ ಅನ್ನೋದು ನೆನಪಿರಲಿಲ್ಲ. ಮುಂದಿನ ವಾರ ಹೇಳಿದರು: "ಫ್ರಿಜ್ಜಿಗೆ ಅಂಟಿಸವ್ಳೆ ಮೇಡಂ. ಬೆನ್ನು ತಟ್ಟಿ, 'ಪರವಾಗಿಲ್ಲ ತಾತ, ಮೊದಮೊದಲು ಎಲ್ರಿಗೂ ಇಂಗೇ ಆಗ್ತದೆ' ಅಂದ್ಳು. ಮಾರ್ಕ್ಸೂ ಕೊಟ್ಟವ್ಳೆ. ಎಷ್ಟು ಅಂತ ಕೇಳ್ಬೇಡಿ."

ಹತ್ತು ಸಲ ದೇವರ ಹೆಸರು

ಎಲ್ಲಕ್ಕಿಂತ ಕಷ್ಟದ ಪಾಠ ಇದು: ಮಗು ಒಂದು ಪದದ ಹತ್ತಿರ ನಿಂತರೆ ಬಾಯಿ ಹಾಕಬಾರದು, ಕಾಯಬೇಕು. ಹೆಬ್ಬಾಳದ ಫ್ಲೈಓವರ್ ಮೇಲೆ ಮುಕ್ಕಾಲು ಗಂಟೆ ತೆಪ್ಪಗೆ ಕಾಯುವ ಜನ, ಒಂದು ಪದಕ್ಕೆ ಅರೆಗಳಿಗೆ ಕಾಯಲಾರರು. "ಆ ಹೊತ್ತಿನಲ್ಲಿ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ನಿಮ್ಮ ಮನೆದೇವರ ಹೆಸರು ಹತ್ತು ಸಲ ಹೇಳಿ" ಅಂದೆ. ಆರ್.ಟಿ. ನಗರದ ಒಬ್ಬ ತಾಯಿ, "ನಾನು ತಸ್ಬೀ ಹಿಡ್ಕೊಂಡು ಅಲ್ಲಾಹ್ ಹೆಸರು ಹೇಳ್ತೀನಿ ಮೇಡಂ" ಅಂತ ಬ್ಯಾಗಿನಿಂದ ಮಣಿಸರ ತೆಗೆದು ತೋರಿಸಿದರು. ತಾತ ಅದನ್ನು ನೋಡಿ, "ಬರೀ ಅತ್ತು ಸಲಕ್ಕೆಲ್ಲಾ ನನ್ನ ನಾಲಿಗೆ ಬಗ್ಗಲ್ಲ, ನಂಗೆ ಪೂರ್ತಿ ಮಾಲೆನೇ ಬೇಕು" ಅಂತ ಮುಂದಿನ ವಾರ ತಮ್ಮ ಜಪಮಾಲೆ ತಂದರು.

ಎಲ್ಲರಿಗಿಂತ ಬೇಗ ಫಲ ಕಂಡದ್ದು ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಒಕ್ಕಲಿನವರ ಮನೆಯಲ್ಲಿ. ಆ ಹೆಸರು ಹತ್ತು ಸಲ ಮುಗಿಯುವಷ್ಟರಲ್ಲಿ ಮಗು ನಿಧಾನವಾಗಿ ಪದ ಬಿಡಿಸಿಕೊಂಡಿರುತ್ತಿತ್ತು. ರಾಮನ ಒಕ್ಕಲಿನ ತಾಯಿ ಮಾತ್ರ ಬೇಸರದಿಂದ ಬಂದರು. "ನಂದು ಕಣ್ಣು ಮಿಟುಕಿಸೋದ್ರಲ್ಲಿ ಮುಗಿದುಹೋಗತ್ತೆ ಮೇಡಂ, ಬಾಯಿ ಹಾಕ್ಬಿಡ್ತೀನಿ. ಮನೆದೇವ್ರನ್ನ ಬದಲಾಯಿಸ್ಕೋಬಹುದಾ?"

ಕೊನೆಯ ಶನಿವಾರ

ತರಬೇತಿಯ ಕೊನೆಯ ದಿನ ಮಕ್ಕಳನ್ನೂ ಕರೆದಿದ್ದೆವು. ಓದಲು ಇಷ್ಟ ಇದ್ದವರು ಓದಬಹುದು, ಬಲವಂತವಿಲ್ಲ. ತಾತನ ಮೊಮ್ಮಗಳು ತಾನಾಗೇ ಕೈ ಎತ್ತಿದಳು. ತಾತ ಮೊದಲ ಸಾಲಿನಲ್ಲಿದ್ದರು. ಕೈಯಲ್ಲಿ ಜಪಮಾಲೆ ಹಿಡಿದಿದ್ದರು.

ಅವಳು ಎದುರಿಗೆ ನಿಂತು, ಬೆರಳಿಟ್ಟುಕೊಂಡು, ಕೆರೆಯ ಕೊಕ್ಕರೆಯ ಕಥೆ ಓದತೊಡಗಿದಳು. ನಿಧಾನ, ಆದರೆ ಸ್ಪಷ್ಟ. ಪುಟದ ಕೊನೆಗೆ ಬಂದು ನಿಂತಳು.

ತಾತ ತಕ್ಷಣ ಕಣ್ಣು ಮುಚ್ಚಿದರು. ಅವರನ್ನು ನೋಡಿ ಉಳಿದವರೂ ಮುಚ್ಚಿದರು. ಕಲಿಸಿದವಳು ನಾನೇ, ಇಣುಕಿದರೆ ಚೆನ್ನಾಗಿರಲ್ಲ ಅಂತ ನಾನೂ ಮುಚ್ಚಿದೆ. ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಉಸಿರಿಲ್ಲ. ನನ್ನ ಹತ್ತು ಮುಗಿಯಿತು, ಇನ್ನೊಂದು ಹತ್ತೂ ಮುಗಿಯಿತು. ಹುಡುಗಿಯ ಸದ್ದಿಲ್ಲ. ತಾಯೀ, ಆ ಮಗುವಿನ ಕೈ ಬಿಡಬೇಡ ಅಂತ ಬೇಡಿಕೊಂಡೆ.

ಅಷ್ಟರಲ್ಲಿ ಯಾರೋ ನನ್ನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಯಾರು ಮೇಡಂ ತೀರ್ಕೊಂಡಿದ್ದು?"

ಕಣ್ಣು ಬಿಟ್ಟೆ. ಪಕ್ಕದ ದರ್ಶಿನಿ ಹೋಟೆಲಿನಿಂದ ಕಾಫಿ ತಂದವರು ಫ್ಲಾಸ್ಕ್ ಕೆಳಗಿಟ್ಟು, ತಲೆ ತಗ್ಗಿಸಿ, ಕೈ ಕಟ್ಟಿ ನಿಂತಿದ್ದರು. ಎದುರಿಗೆ ಹುಡುಗಿ ಪುಸ್ತಕ ಎದೆಗವಚಿಕೊಂಡು ತಾನೂ ಕಣ್ಣು ಮುಚ್ಚಿದ್ದಳು.

"ಪುಟ್ಟಿ, ಯಾವ ಪದ ಕಷ್ಟ ಆಯ್ತಮ್ಮಾ?"

"ಯಾವ್ದೂ ಇಲ್ಲ ಮಿಸ್. ನಾನು ಪುಟ ತಿರುಗಿಸ್ತಿದ್ದೆ. ನೀವೆಲ್ಲಾ ಪ್ರಾರ್ಥನೆ ಶುರು ಮಾಡಿದ್ರಿ, ಅದಕ್ಕೇ ನಾನೂ ಮಾಡ್ದೆ."

ಹಾಲ್ ಬಿದ್ದು ಬಿದ್ದು ನಕ್ಕಿತು. ಕಾಫಿ ತಂದವರಂತೂ, ಯಾರೂ ಸತ್ತಿಲ್ಲ ಅಂತ ತಿಳಿದು, ಎಲ್ಲರಿಗಿಂತ ಜೋರಾಗಿ ನಕ್ಕರು. ತಾತ ಒಬ್ಬರೇ ಕಣ್ಣು ಬಿಟ್ಟಿರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಮಣಿ ಸರಿಯುತ್ತಿತ್ತು.

ಹುಡುಗಿ ನಡೆದು ಬಂದು ಅವರ ಪಕ್ಕದ ಕುರ್ಚಿಯಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಳು. ತೊಡೆಯ ಮೇಲೆ ಪುಸ್ತಕ ಬಿಡಿಸಿ, ಅಂಗಿಯ ತೋಳು ಎಳೆದಳು. "ತಾತ, ಪಕ್ಕದಲ್ಲೇ ಕೂತಿದೀನಿ. ಮುಂದಿನ ಪುಟ ಓದ್ಲಾ?"

ತಾತ ಒಂದೇ ಕಣ್ಣು ಬಿಟ್ಟರು. ಆ ಕಣ್ಣಲ್ಲಿ ನೀರಿತ್ತು.

"ಇರವ್ವಾ. ಇನ್ನೊಂದೆರಡು ಮಣಿ ಐತೆ."

ಅವಳು ಬೆರಳನ್ನು ಸಾಲಿನ ಮೇಲಿಟ್ಟುಕೊಂಡು, ನಮ್ಮಲ್ಲಿ ಯಾರಿಗೂ ಬಾರದಷ್ಟು ಚೆನ್ನಾಗಿ, ಸುಮ್ಮನೆ ಕಾದಳು.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ತಾಯಿ ಶಾರದೆ ಒಳ್ಳೆಯದು ಮಾಡಲಿ. ನೀವು ತಡವರಿಸಿದಾಗ ಕಾಯುವವರೊಬ್ಬರು ಪಕ್ಕದಲ್ಲಿರಲಿ. ಬೇರೆಯವರು ತಡವರಿಸಿದಾಗ ನಿಮ್ಮ ನಾಲಿಗೆಯ ಮೇಲೆ ದೇವರ ಹೆಸರಿರಲಿ, ಆದಷ್ಟೂ ಉದ್ದದ್ದು.