ಮಾತಾಡಿಸುವ ಪಿರಿಯಡ್ಡು

ತರಗತಿಯಲ್ಲಿ ನಗಬಾರದು ಎಂದು ಹಟ ಹಿಡಿದವನನ್ನೇ ನಗೆಪಾಟಲಿನ ಪ್ರಸಂಗಗಳು ಹುಡುಕಿಕೊಂಡು ಬಂದು ಗಂಟು ಬೀಳುತ್ತವೆ. ನಾಗಪುರದ ಹಳೆ ಪೇಟೆ ಮಹಾಲ್‌ನ ಗಲ್ಲಿಯೊಂದರ ಪ್ರೌಢಶಾಲೆಯಲ್ಲಿ ನಾನು ಭಾಷಾ ಸಹಾಯಕ. ಗಣಿತ, ವಿಜ್ಞಾನದ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿ, ಮಿಕ್ಕಿದ್ದೆಲ್ಲ ಮರಾಠಿಯಲ್ಲಿ ನಡೆಯುವ ಶಾಲೆ. ಕಾರ್ಖಾನೆಯ ನೌಕರಿಗೆಂದು ಧಾರವಾಡದ ಕಡೆಯಿಂದ ಬಂದವನು, ನಿವೃತ್ತಿಯಾದ ಮೇಲೂ ಇಲ್ಲಿಯ ಪ್ರತಾಪ ನಗರದಲ್ಲೇ ಉಳಿದುಬಿಟ್ಟೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ ಎಂಬ ಕಾರಣಕ್ಕೆ ಈ ಕೆಲಸ ಸಿಕ್ಕಿತು. ಪುಸ್ತಕದ ಪಾಠ ನನ್ನದಲ್ಲ. ಎಂಟನೆಯ ತರಗತಿಯ ನಲವತ್ತು ಮಕ್ಕಳನ್ನು ವಾರಕ್ಕೆ ಮೂರು ಪಿರಿಯಡ್ಡು ಇಂಗ್ಲಿಷಿನಲ್ಲಿ ಮಾತಾಡಿಸಬೇಕು, ಅಷ್ಟೆ.

ಸೇರಿದ ದಿನವೇ ಮುಖ್ಯಾಧ್ಯಾಪಿಕೆ ಖಡಾಖಂಡಿತವಾಗಿ ಹೇಳಿದರು: "ಸಂಕ್ರಾಂತಿಗೆ ಆಡಳಿತ ಮಂಡಳಿಯ ಅಧ್ಯಕ್ಷರು ಬರ್ತಾರೆ. ಅವರ ಪ್ರಶ್ನೆಗೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ನಿಮ್ಮ ಪಿರಿಯಡ್ಡು ಉಳೀತು. ಇಲ್ಲದಿದ್ದರೆ ಅದು ಗಣಿತದ ಸರ್‌ಗೆ."

ಗಣಿತದ ಸರ್ ಆಗಲೇ ವೇಳಾಪಟ್ಟಿಯಲ್ಲಿ ನನ್ನ ಮೂರೂ ಪಿರಿಯಡ್ಡಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ತಮ್ಮ ಹೆಸರು ಬರೆದಾಗಿತ್ತು. ಏನೇ ಆಗಲಿ, ಬಿಟ್ಟುಕೊಡಬಾರದು ಎಂದು ಅಲ್ಲೇ ತೀರ್ಮಾನಿಸಿದೆ.

ಮೊದಲ ಮೆಚ್ಚುಗೆ

ಮೊದಲ ಪಿರಿಯಡ್ಡಿನಲ್ಲೇ ಬೋರ್ಡಿನ ಮೇಲೆ ನಿಯಮ ಬರೆದೆ: ಈ ಬಾಗಿಲ ಒಳಗೆ ಇಂಗ್ಲಿಷ್ ಮಾತ್ರ. ಮರಾಠಿ ಇಲ್ಲ, ಹಿಂದಿ ಇಲ್ಲ, ಯಾರಿಗೂ ರಿಯಾಯಿತಿ ಇಲ್ಲ.

ಮಕ್ಕಳು ನಿಯಮವನ್ನು ಅಕ್ಷರಶಃ ಪಾಲಿಸಿದರು. ಇಂಗ್ಲಿಷ್ ಬಾರದು, ಬೇರೆಯದು ಆಡುವಂತಿಲ್ಲ. ನಲವತ್ತು ಬಾಯಿಗಳೂ ಮುಚ್ಚಿಕೊಂಡವು. ಪೆನ್ನು ಬಿದ್ದರೆ ಕಣ್ಣಲ್ಲೇ ಕೇಳುವರು, ಕಣ್ಣಲ್ಲೇ ಕೊಡುವರು. ಮೂರು ವಾರ ನಾನೊಬ್ಬನೇ ಮಾತಾಡಿದೆ.

ನಾಲ್ಕನೆಯ ವಾರ ಮುಖ್ಯಾಧ್ಯಾಪಿಕೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನನ್ನು ತೋರಿಸಿ ಹೇಳಿದರು: "ಇವರನ್ನು ನೋಡಿ ಕಲೀರಿ. ಇಡೀ ಶಾಲೆಯಲ್ಲಿ ಒಂದು ಸದ್ದಿಲ್ಲದ ಪಿರಿಯಡ್ಡು ಅಂದರೆ ಇವರದೇ."

ಮಾತಾಡಿಸಲು ಬಂದವನಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಪೂರ್ತಿ ವಾಕ್ಯ

ಆಮೇಲೆ ಒಂದೊಂದೇ ಪದ ಹೊರಡತೊಡಗಿತು. ನನಗೆ ಅದು ಸಾಲದು. ಕೇಳಿದರೆ ಪೂರ್ತಿ ವಾಕ್ಯದಲ್ಲಿ ಕೇಳಬೇಕು, ಹೇಳಿದರೆ ಪೂರ್ತಿ ವಾಕ್ಯದಲ್ಲಿ ಹೇಳಬೇಕು.

ಒಂದು ದಿನ ಶಾಲೆಯ ಅಂಗಳದಲ್ಲಿ ಜಾಗವಿಲ್ಲದೆ ಸ್ಕೂಟರನ್ನು ಹೊರಗೆ ಗಲ್ಲಿಯಲ್ಲಿ ನಿಲ್ಲಿಸಿದ್ದೆ. ಪಿರಿಯಡ್ಡಿನ ನಡುವೆ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು.

"ಸರ್, ಸ್ಕೂಟರ್!"

"ಪೂರ್ತಿ ವಾಕ್ಯ," ಎಂದೆ, ಇಂಗ್ಲಿಷಿನಲ್ಲಿ.

"ಸರ್, ಯುವರ್ ಸ್ಕೂಟರ್!"

"ನನ್ನ ಸ್ಕೂಟರಿಗೆ ಏನು? ಅವಸರ ಬೇಡ. ಯೋಚಿಸಿ ಹೇಳು."

ಅವಳು ಕಿಟಕಿಯತ್ತ ನೋಡಿದಳು, ನನ್ನತ್ತ ನೋಡಿದಳು, ಬೆರಳು ಮಡಚಿ ಮಡಚಿ ಪದ ಜೋಡಿಸಿದಳು. ಕೊನೆಗೆ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು: "ಪೊಲೀಸರು ನಮ್ಮ ಸರ್ ಸ್ಕೂಟರನ್ನು ದೊಡ್ಡ ಗಾಡಿಯಲ್ಲಿ ಎತ್ತಿಕೊಂಡು ಹೋಗುತ್ತಿದ್ದಾರೆ."

ಎಂಥ ವಾಕ್ಯ! ಒಂದೂ ತಪ್ಪಿಲ್ಲ. ಸಂತೋಷಕ್ಕೆ ಅರ್ಥದ ಕಡೆ ಗಮನವೇ ಹೋಗಲಿಲ್ಲ. "ಎಲ್ಲರೂ ಒಟ್ಟಿಗೆ ಹೇಳಿ" ಎಂದೆ. ನಲವತ್ತು ಮಕ್ಕಳು ರಾಗವಾಗಿ ಮೂರು ಸಲ ಹೇಳಿದರು. ಮೂರನೆಯ ಸಲಕ್ಕೆ ನನಗೆ ಅರ್ಥವಾಗುವಷ್ಟರಲ್ಲಿ ಗಾಡಿ ಚೌಕ ದಾಟಿತ್ತು.

ಸಂಜೆ ಬಸ್ಸಿನಲ್ಲಿ ಮನೆಗೆ ಬಂದೆ. ಹೆಂಡತಿ ಎಲ್ಲ ಕೇಳಿ, ಚಹಾ ಮುಂದಿಟ್ಟು ಸಮಾಧಾನ ಹೇಳಿದಳು: "ಹೋಗ್ಲಿ ಬಿಡ್ರಿ. ಸ್ಕೂಟರ್ ಹೋದ್ರೂ ವಾಕ್ಯ ಪೂರ್ತಿ ಆತಲ್ಲ!"

ಗಣಿತದ ಸರ್ ತೆಗೆದುಕೊಂಡ ಪಿರಿಯಡ್ಡು

ದೀಪಾವಳಿ ರಜೆ ಮುಗಿದದ್ದೇ ಗಣಿತದ ಸರ್ ಬಾಗಿಲಿಗೆ ಬಂದರು. ಸೀಮೆಸುಣ್ಣದ ಪುಡಿ ಮೆತ್ತಿದ ಕೈ ಮುಗಿದು, "ಸರ್‌ಜೀ, ಆಜ್ ತುಮ್ಚಾ ಪಿರಿಯಡ್ ಮಲಾ ದ್ಯಾ. ಬೀಜಗಣಿತ ಬಾಕಿ ಆಹೆ," ಎಂದು ಮರಾಠಿಯಲ್ಲಿ ಆ ದಿನದ ನನ್ನ ಪಿರಿಯಡ್ಡು ಕೇಳುತ್ತ ಒಳಗೆ ಕಾಲಿಟ್ಟರು.

ನಾನು ಬೋರ್ಡಿನ ಮೇಲಿದ್ದ ನಿಯಮಕ್ಕೆ ಬೆರಳು ಮಾಡಿದೆ. ಬಾಗಿಲ ಒಳಗೆ ಬಂದ ಮೇಲೆ ಯಾರಿಗೂ ರಿಯಾಯಿತಿ ಇಲ್ಲ.

ಮಕ್ಕಳಿಗೆ ಇಂಥ ಅವಕಾಶ ಮತ್ತೆಲ್ಲಿ ಸಿಗಬೇಕು? "ಇಂಗ್ಲಿಷ್, ಸರ್! ಇಂಗ್ಲಿಷ್!" ಎಂದು ಬೆಂಚು ಕುಟ್ಟಿದರು. ಅವರನ್ನು ಮಾತಿಗೆಳೆಯಲೆಂದು ನಾನು ಗೋಡೆಗೆ ಅಂಟಿಸಿದ್ದ ಆರು ಪ್ರಶ್ನೆಗಳನ್ನು ಗಣಿತದ ಸರ್ ಮೇಲೇ ಬಿಟ್ಟರು. ಇವತ್ತು ಬೆಳಿಗ್ಗೆ ಏನು ತಿಂದಿರಿ? ಗಣಿತದ ಸರ್ ಬೆವರು ಒರೆಸಿಕೊಂಡು "ತರ್ರಿ ಪೋಹಾ" ಎಂದರು. ಅದನ್ನು ಹೇಗೆ ಮಾಡುತ್ತಾರೆ?

ಅಲ್ಲಿಗೆ ಅವರೊಳಗಿನ ನಾಗಪುರ ಎದ್ದಿತು. ಅವಲಕ್ಕಿ ಹೇಗೆ ನೆನೆಸಬೇಕು, ಕಡಲೆಕಾಳಿನ ಖಾರದ ರಸ ಎಷ್ಟು ಕೆಂಪಗಿರಬೇಕು, ಯಾವ ಗಲ್ಲಿಯವನು ಎಣ್ಣೆಯಲ್ಲಿ ಮೋಸ ಮಾಡುತ್ತಾನೆ, ಎಲ್ಲ ಇಂಗ್ಲಿಷಿನಲ್ಲಿ, ಕೈ, ಹುಬ್ಬು, ಡಸ್ಟರಿನ ಸಹಾಯದಿಂದ ವಿವರಿಸಿದರು. ಬೆಲ್ಲು ಹೊಡೆಯಿತು.

"ಸರ್, ನೀವು ಕೇಳಿದ್ದು ಪಿರಿಯಡ್ಡು ತಾನೆ?" ಎಂದೆ. "ಪೂರ್ತಿ ತಗೊಂಡ್ರಿ."

ಆದರೆ ಆ ದಿನ ನನಗೊಂದು ಚಿಂತೆ ಹತ್ತಿತು. ಮಕ್ಕಳು ಕೇಳಲು ಕಲಿತಿದ್ದರು. ಉತ್ತರ ಕೊಡಲು ಒಬ್ಬರೂ ಕಲಿತಿರಲಿಲ್ಲ. ಅಧ್ಯಕ್ಷರು ಬರುವುದೋ ಕೇಳುವುದಕ್ಕೆ.

ಸಂಕ್ರಾಂತಿ

ಎರಡು ತಿಂಗಳು ಉತ್ತರಗಳನ್ನು ಉರು ಹೊಡೆಸಿದೆ. ಅಧ್ಯಕ್ಷರು ಬರುವ ದಿನ, ಉತ್ತರಗಳ ಸರದಿ ತಪ್ಪದಿರಲೆಂದು, ಮಕ್ಕಳನ್ನು ಹಾಜರಿ ಸಂಖ್ಯೆಯ ಪ್ರಕಾರ ಕೂರಿಸಿದೆ. ಗಣಿತದ ಸರ್ ಹಿಂದಿನ ಬೆಂಚಿನಲ್ಲಿ ವೇಳಾಪಟ್ಟಿ ಮಡಿಸಿ ಜೇಬಲ್ಲಿಟ್ಟುಕೊಂಡು ಕುಳಿತಿದ್ದರು.

ಅಧ್ಯಕ್ಷರು ಮಹಾಲ್‌ನ ಹಳೆಯ ಬಟ್ಟೆ ವ್ಯಾಪಾರಿ. ಕೈಯಲ್ಲಿ ಸ್ಟೀಲ್ ಡಬ್ಬಿ. ನಮ್ಮಲ್ಲಿ ಎಳ್ಳುಬೆಲ್ಲ ಬೀರುವ ಹಾಗೆ ಇಲ್ಲಿ ಎಳ್ಳುಂಡೆ ಕೊಟ್ಟು "ತಿಳಗುಳ ಘ್ಯಾ, ಗೋಡ ಗೋಡ ಬೋಲಾ" ಎನ್ನುತ್ತಾರೆ, ಸಿಹಿ ತಿಂದು ಸಿಹಿ ಮಾತಾಡಿ ಎಂದು. ಬೇಡ ಎನ್ನುವಂತಿಲ್ಲ, ಅವಮಾನವಾಗುತ್ತದೆ. "ನನ್ನ ಹೆಂಡತಿ ಮಾಡಿದ್ದು" ಎಂದು ಮೊದಲ ಉಂಡೆಯನ್ನು ನನ್ನ ಅಂಗೈಯಲ್ಲಿಟ್ಟರು. ಬೆಲ್ಲದ ಪಾಕ ಏರಿಹೋಗಿತ್ತು, ಉಂಡೆಯಲ್ಲ, ಗುಂಡು.

ನನ್ನ ಮೇಲಿನ ನಾಲ್ಕು ಹಲ್ಲು ಕಟ್ಟಿಸಿದವು. ಆದರೂ ಮರ್ಯಾದೆ ದೊಡ್ಡದು ಎಂದು ಕಚ್ಚಿದೆ. ಕೈಯನ್ನು ಹಿಂದಕ್ಕೆ ತೆಗೆದಾಗ ಉಂಡೆಯ ಜೊತೆ ಹಲ್ಲಿನ ಸೆಟ್ಟೂ ಬಂತು.

"ಶುರು ಮಾಡಿ, ಸರ್," ಎಂದರು ಮುಖ್ಯಾಧ್ಯಾಪಿಕೆ.

ನಾನು ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಿಂತೆ. ಬಾಯಿ ತೆರೆದರೆ ಬರೀ ಗಾಳಿ. ಆರು ತಿಂಗಳ ಶ್ರಮ ಅಂಗೈಯಲ್ಲಿ ಅಂಟಿಕೊಂಡಿತ್ತು. ಅಧ್ಯಕ್ಷರು ಗಾಬರಿಯಾಗಿ ಮೊದಲ ಬೆಂಚಿನ ಹುಡುಗನನ್ನು ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ಸರ್‌ಗೆ ಏನಾಯಿತು?"

ಉರು ಹೊಡೆಸಿದ ಉತ್ತರಗಳಲ್ಲಿ ಇದಿರಲಿಲ್ಲ. ಹುಡುಗ ನನ್ನ ಮುಖ ನೋಡಿದ. ತಿದ್ದಲು ನನಗೆ ಬಾಯಿಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು.

"ಸರ್," ಎಂದ, ಇಂಗ್ಲಿಷಿನಲ್ಲೇ, "ನಮ್ಮ ಸರ್ ಹಲ್ಲು ನಿಮ್ಮ ಲಡ್ಡುವಿನೊಳಗಿದೆ."

"ಎಲ್ಲವೂ?"

"ಇಲ್ಲ ಸರ್, ನಾಲ್ಕೇ," ಎಂದಳು ಎರಡನೆಯ ಬೆಂಚಿನವಳು, ಬಗ್ಗಿ ಎಣಿಸಿ.

"ಬಿಸಿನೀರಿನಲ್ಲಿ ಹಾಕಿ ಸರ್. ನಮ್ಮ ಅಜ್ಜನದು ಹಾಗೇ ಬಿಡಿಸಿದ್ದು."

"ಬೇಡ ಸರ್, ಬಿಸಿನೀರಿಗೆ ಸೆಟ್ಟು ಬಾಗುತ್ತೆ! ನಮ್ಮ ಅಜ್ಜಿಯದು ಬಾಗಿತು, ಈಗ ಯಾವಾಗಲೂ ನಗ್ತಾ ಇರ್ತಾಳೆ."

ಅಷ್ಟೇ. ನಲವತ್ತು ಜನ ಎದ್ದರು. ತಣ್ಣೀರು, ಸುತ್ತಿಗೆ, ಶಾಲೆಯ ಕಂಪಾಸಿನ ಮೊನೆ, ಒಬ್ಬೊಬ್ಬರದು ಒಂದೊಂದು ಸಲಹೆ, ಎಲ್ಲ ಇಂಗ್ಲಿಷಿನಲ್ಲಿ, ಅರ್ಧ ತಪ್ಪು, ಒಂದೂ ನಿಲ್ಲದೆ. ಗಣಿತದ ಸರ್ ಕೂಡ ಹಿಂದಿನಿಂದ "ಕೋನ ನೋಡಿ ಎಳೀರಿ!" ಎಂದರು, ಇಂಗ್ಲಿಷಿನಲ್ಲಿ. ತಿದ್ದಬೇಕೆಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಾಧ್ಯವಿರಲಿಲ್ಲ.

ಒಬ್ಬ ಹುಡುಗಿ ಅಧ್ಯಕ್ಷರನ್ನೇ ಕೇಳಿದಳು: "ಸರ್, ನೀವು ಯಾಕೆ ತಿನ್ನಲಿಲ್ಲ?"

ಅಧ್ಯಕ್ಷರು ತಮ್ಮ ಹಲ್ಲಿನ ಪೂರ್ತಿ ಸೆಟ್ಟನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. "ಮಗಳೇ, ಹತ್ತು ವರ್ಷದಿಂದ ನಾನು ಈ ಉಂಡೆಯನ್ನು ಹಂಚುತ್ತೇನೆ, ಅಷ್ಟೆ."

ಹೊರಡುವ ಮುನ್ನ ಅವರು ಶಾಲೆಯ ಸಂದರ್ಶಕರ ಪುಸ್ತಕದಲ್ಲಿ ಬರೆದರು: ಇಷ್ಟು ಧೈರ್ಯವಾಗಿ ಇಂಗ್ಲಿಷ್ ಆಡುವ ಮಕ್ಕಳನ್ನು ನೋಡಿಲ್ಲ, ಪಿರಿಯಡ್ಡು ಮುಂದುವರಿಯಲಿ.

ಮುಖ್ಯಾಧ್ಯಾಪಿಕೆ ಅದನ್ನು ನನಗೆ ಓದಿ ಹೇಳಿ, ಪುಸ್ತಕ ಮುಚ್ಚಿ, ಬಹಳ ಗಂಭೀರವಾಗಿ ಕೇಳಿಕೊಂಡರು: "ಮುಂದಿನ ವರ್ಷವೂ ತಪ್ಪದೆ ಬನ್ನಿ, ಸರ್. ಹಲ್ಲು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ."